ವಂಶಮೂಲ ಶೋಧ: ಹೆಳವರ ಹೊತ್ತಿಗೆಯಿಂದ ವೈ ವರ್ಣತಂತುವಿನವರೆಗೆ

ತಂದೆಯ ಕಡೆಯ ತಲೆಮಾರುಗಳನ್ನು ಹಿಂದಕ್ಕೆ ಹುಡುಕುತ್ತ ಹೋಗಿ, ಒಂದು ಮನೆತನ ಅಥವಾ ಸಮುದಾಯ ಎಲ್ಲಿಂದ ಬಂದದ್ದೆಂದು ಗುರುತಿಸುವ ಪ್ರಯತ್ನವೇ ವಂಶಮೂಲ ಶೋಧ. ಶಾಸನ, ಹೆಳವರ ಹೊತ್ತಿಗೆ, ಬೆಡಗು-ಗೋತ್ರಗಳ ನೆನಪು ಇದರ ಹಳೆಯ ಸಾಧನಗಳು. ಗಂಡಸರ ವೈ ವರ್ಣತಂತುವಿನ ಡಿಎನ್‌ಎ ಪರೀಕ್ಷೆ ತೀರ ಈಚಿನದು. ಯುರೋಪಿನಲ್ಲಿ ಅದು ಮನೆಮಂದಿಯ ಹವ್ಯಾಸವಾಗಿ ಬೆಳೆಯಿತು. ಕರ್ನಾಟಕದಲ್ಲಿ ಅದು ನಿಜವಾಗಿ ಕೆಲಸಕ್ಕೆ ಬಂದದ್ದು ಉತ್ತರ ಕನ್ನಡದ, ಆಫ್ರಿಕ ಮೂಲದ ಸಿದ್ದಿಗಳ ವಿಷಯದಲ್ಲಿ.

ಕಲ್ಲು ಮತ್ತು ಹೊತ್ತಿಗೆ

ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಗೆ ಹತ್ತಿಕೊಂಡೇ ಶಿಕಾರಿಪುರ ತಾಲ್ಲೂಕು ಇದೆ. ಅಲ್ಲಿನ ತಾಳಗುಂದದ 5ನೆಯ ಶತಮಾನದ ಸ್ತಂಭಶಾಸನ ಕದಂಬರ ವಂಶವನ್ನು ಮಾನವ್ಯ ಗೋತ್ರದ ಮಯೂರಶರ್ಮನಿಂದ ಹಿಡಿದು ಹೇಳುತ್ತದೆ. ತಂದೆಯ ನಂತರ ಮಗ, ಅವನ ನಂತರ ಅವನ ಮಗ. ಹೆಣ್ಣುಮಕ್ಕಳು ಅಲ್ಲಿ ಬರುವುದು ಗುಪ್ತರೇ ಮೊದಲಾದ ಅರಸರ ಮನೆಗೆ ಕೊಟ್ಟವರಾಗಿ. ಮುಂದೆ ಹಾನಗಲ್ಲಿನಿಂದ ಪಾನುಂಗಲ್ಲು-500ನ್ನು ಆಳಿದ ಕದಂಬ ಶಾಖೆಯೂ ಇದೇ ವಂಶದ ಹೆಸರು ಹೇಳಿಕೊಂಡಿತು.

ಅರಸರಿಗೆ ಶಾಸನವಿದ್ದರೆ ಒಕ್ಕಲಿಗೆ ಹೆಳವರಿದ್ದರು. ಹೆಳವ ಎಂಬ ಮಾತಿಗೆ ಕುಂಟ ಎಂದೇ ಅರ್ಥ. ಎತ್ತಿನ ಮೇಲೆ ಕಾಲು ಮುಚ್ಚಿ ಕುಳಿತು ಊರಿಗೆ ಬರುತ್ತಿದ್ದ ಚಿತ್ರ ಆ ಹೆಸರಿಗೆ ಅಂಟಿಕೊಂಡಿದೆ. ಸುಗ್ಗಿ ಮುಗಿದು ಮನೆಗೆ ಕಾಳು ಬಂದ ಮೇಲೆ ಹೆಳವ ತನಗೆ ಸೇರಿದ ಮನೆಗಳ ಮುಂದೆ ನಿಂತು ಅಜ್ಜ, ಮುತ್ತಜ್ಜ, ಅವರಪ್ಪ, ಮೂಲದಲ್ಲಿ ಯಾವ ಊರು ಬಿಟ್ಟು ಬಂದರು, ಬೆಡಗು ಯಾವುದು ಎಂದು ಒಪ್ಪಿಸುತ್ತಾನೆ. ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾನೆ. ಕಾಳು, ಬಟ್ಟೆ, ದುಡ್ಡು, ಅನುಕೂಲವಿದ್ದವರು ದನ ಕೊಟ್ಟು ಕಳಿಸುವುದು ವಾಡಿಕೆ. ಮೊದಲು ಬಾಯಿಪಾಠವಾಗಿದ್ದ ಈ ವಿದ್ಯೆ ಬರಬರುತ್ತ ಕಾಗದದ ಹೊತ್ತಿಗೆಗೆ ಇಳಿಯಿತು. ಅದರಲ್ಲಿ ಬಹುಮಟ್ಟಿಗೆ ಗಂಡು ಸಂತತಿಯದೇ ಲೆಕ್ಕ; ಮದುವೆಯಾಗಿ ಹೋದ ಮಗಳ ಮಕ್ಕಳು ಇನ್ನೊಬ್ಬ ಹೆಳವನ ಪಾಲು.

ವೈ ವರ್ಣತಂತುವಿನ ಲೆಕ್ಕವೂ ಹೀಗೆಯೇ. ಅದು ತಂದೆಯಿಂದ ಮಗನಿಗೆ ಮಾತ್ರ ದಾಟುತ್ತದೆ, ತಾಯಿಯ ಪಾಲು ಅದರಲ್ಲಿ ಬೆರೆಯುವುದಿಲ್ಲ. ಪ್ರತಿ ಮಾಡುವಾಗ ಎಂದೋ ಒಮ್ಮೆ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ಗಂಡುಮಕ್ಕಳಲ್ಲೆಲ್ಲ ಉಳಿಯುತ್ತದೆ. ಒಂದೇ ತಪ್ಪನ್ನು ಹೊತ್ತ ಗಂಡಸರು ಒಬ್ಬನೇ ಹಿರಿಯನ ಸಂತತಿ. ಇಂಥ ಗುಂಪುಗಳಿಗೆ ಹ್ಯಾಪ್ಲೊಗ್ರೂಪ್ ಎನ್ನುತ್ತಾರೆ. 2002ರಲ್ಲಿ ಅವುಗಳಿಗೆ ಇಂಗ್ಲಿಷ್ ಅಕ್ಷರಗಳ ಏಕರೂಪದ ಹೆಸರುಗಳು ಬಂದವು.

ಯುರೋಪಿನ ಹವ್ಯಾಸ

1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ತಂದೆಯಿಂದ ಮಗನಿಗೆ ಬರುವ ಯಹೂದಿ ಪುರೋಹಿತಿಕೆಯ ಗುರುತು ವೈ ವರ್ಣತಂತುವಿನಲ್ಲೂ ಕಾಣುತ್ತದೆ ಎಂದು ತೋರಿಸಿತು. 2000ದಲ್ಲಿ ಆಕ್ಸ್‌ಫರ್ಡಿನ ಬ್ರಯನ್ ಸೈಕ್ಸ್ ತನ್ನದೇ ಅಡ್ಡಹೆಸರಿನ ಗಂಡಸರನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಒಂದೇ ಗುರುತು ಸಿಕ್ಕಿತು. ಅದೇ ವರ್ಷ ಅಮೆರಿಕದಲ್ಲಿ ಫ್ಯಾಮಿಲಿ ಟ್ರೀ ಡಿಎನ್‌ಎ ಕಂಪನಿ ಶುರುವಾಯಿತು. ಕೆನ್ನೆಯ ಒಳಭಾಗ ಒರೆಸಿದ ಕಡ್ಡಿಯನ್ನು ಅಂಚೆಯಲ್ಲಿ ಕಳಿಸಿದರೆ ಹಿರಿಯರ ಮೂಲ ತಿಳಿಯಬಹುದೆಂಬ ವ್ಯಾಪಾರ ಬೆಳೆಯಿತು. ಫ್ರಾನ್ಸ್ ಮಾತ್ರ ಇದಕ್ಕೆ ಒಪ್ಪಿಲ್ಲ: ವೈದ್ಯಕೀಯ, ವೈಜ್ಞಾನಿಕ ಅಥವಾ ನ್ಯಾಯಾಲಯದ ಕಾರಣವಿಲ್ಲದೆ ಕುತೂಹಲಕ್ಕೆಂದು ಪರೀಕ್ಷೆ ಮಾಡಿಸಿಕೊಂಡರೆ ಅಲ್ಲಿ 3,750 ಯೂರೊವರೆಗೆ ದಂಡವಿದೆ.

ಬ್ರಿಟನ್ನಿನಲ್ಲಿ ಈ ಲೆಕ್ಕ ಕೂಡಿಬರಲು ಕಾರಣ, ಅಲ್ಲಿ ಅಡ್ಡಹೆಸರು ನೂರಾರು ವರ್ಷಗಳಿಂದ ತಂದೆಯ ಹಿಂದೆಯೇ ಬಂದಿರುವುದು. ಹಾವೇರಿ ಕಡೆಯ ಅಡ್ಡಹೆಸರುಗಳಿಗೆ ಈ ಲೆಕ್ಕ ಹಚ್ಚಿದರೆ ಕೈಗೆ ಏನೂ ಹತ್ತುವುದಿಲ್ಲ. ಪಾಟೀಲ, ಕುಲಕರ್ಣಿ ಎಂಬವು ವತನದ ಹುದ್ದೆಗಳು. ಬಡಿಗೇರ, ಕಮ್ಮಾರ, ಕುಂಬಾರ ಎಂಬವು ಕಸುಬುಗಳು. ಹಿರೇಮಠ ಮಠದ ಸಂಬಂಧ. ಹತ್ತು ಊರಿನ ಹತ್ತು ಪಾಟೀಲರು ಒಬ್ಬ ಪಾಟೀಲನ ಮಕ್ಕಳಲ್ಲ. ಸಾಲದ್ದಕ್ಕೆ ದತ್ತಕ ಬಂದವನು, ಮನೆ ಅಳಿಯನ ಮಕ್ಕಳು, ಗಂಡು ಸಂತತಿಯಿಲ್ಲದ ಮನೆಯಲ್ಲಿ ಬಸವಿಯಾಗಿ ಉಳಿಸಿಕೊಂಡ ಮಗಳ ಮಕ್ಕಳು, ಇವರೆಲ್ಲ ಮನೆತನವನ್ನು ಮುಂದುವರಿಸಿದವರೇ. ಹೊತ್ತಿಗೆಯಲ್ಲಿ ಎಳೆ ಕಡಿಯುವುದಿಲ್ಲ, ವರ್ಣತಂತುವಿನಲ್ಲಿ ಕಡಿಯುತ್ತದೆ. ಪ್ರಯೋಗಾಲಯ ಇಂಥ ಕಡೆ ಹೆಳವನನ್ನು ಸುಳ್ಳನೆಂದರೆ ತಪ್ಪು ಪ್ರಯೋಗಾಲಯದ್ದೇ. ಹೆಳವ ಹೇಳುವುದು ಮನೆಯ ಕಥೆ, ರಕ್ತದ ಕಥೆಯಲ್ಲ. ಅಳಿಯಸಂತಾನದ ತುಳುನಾಡಿನಲ್ಲಂತೂ ಬಳಿ ಎಂಬ ಕುಲದ ಗುರುತು ಬರುವುದೇ ತಾಯಿಯಿಂದ. ಅಲ್ಲಿ ವೈ ವರ್ಣತಂತುವಿಗೂ ಮನೆತನಕ್ಕೂ ಸಂಬಂಧವೇ ಇಲ್ಲ.

ಹಿರೇಕೆರೂರು ಸೀಮೆಯ ಅಂಬಲೂರು-ಮಾಸೂರುಗಳ ನಂಟು ಹೇಳುವ ಸರ್ವಜ್ಞನನ್ನು ಐತಿಹ್ಯ ಬ್ರಾಹ್ಮಣ ತಂದೆಗೂ ಕುಂಬಾರ ತಾಯಿಗೂ ಹುಟ್ಟಿದವನೆನ್ನುತ್ತದೆ. ಅಪ್ಪ ಯಾರೆಂಬ ಪ್ರಶ್ನೆಗೆ ತನ್ನನ್ನು ಕಟ್ಟಿಹಾಕಿಕೊಳ್ಳದ ಕವಿ ಇಲ್ಲಿಯವನೇ ಎಂಬುದು ಸ್ವಾರಸ್ಯ.

ಭಾರತದ ಚಿತ್ರ

ಭಾರತದಲ್ಲಿ ಈ ಕೆಲಸದ ಮುಖ್ಯ ಕೇಂದ್ರ ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ). ಅಲ್ಲಿನ ಲಾಲ್‌ಜಿ ಸಿಂಗ್ ಮತ್ತು ಕೆ. ತಂಗರಾಜ್ ಹಾರ್ವರ್ಡಿನ ಡೇವಿಡ್ ರೈಕ್ ಜೊತೆ 2009ರಲ್ಲಿ ಪ್ರಕಟಿಸಿದ ಅಧ್ಯಯನ, ಭಾರತದ ಬಹುಪಾಲು ಸಮುದಾಯಗಳು ಎರಡು ಪ್ರಾಚೀನ ಜನಮೂಲಗಳ ಬೆರಕೆ ಎಂದಿತು. 2013ರ ಅಧ್ಯಯನ ಆ ಬೆರಕೆಯ ಕಾಲವನ್ನು ಸುಮಾರು 4,200ರಿಂದ 1,900 ವರ್ಷಗಳ ಹಿಂದಕ್ಕೆ ಇಟ್ಟಿತು. ಬೆರೆಯದೆ ಉಳಿದ ಜಾತಿ ಎಂಬುದನ್ನು ಈ ಲೆಕ್ಕ ಎತ್ತಿಹಿಡಿಯುವುದಿಲ್ಲ. ಪೂರ್ವ ಯುರೋಪಿನಲ್ಲಿ ಹೇರಳವಾಗಿರುವ ಆರ್1ಎ ಗುಂಪು ಇಲ್ಲಿ ಮೇಲಿನ ಜಾತಿಗಳಲ್ಲೂ ಬುಡಕಟ್ಟುಗಳಲ್ಲೂ ಸಿಗುತ್ತದೆ. ಅದು ಸಿಕ್ಕಿತೆಂದು ಯಾರೂ ಪೋಲೆಂಡಿನವರಾಗುವುದಿಲ್ಲ: ಹತ್ತು ತಲೆಮಾರಿನ ಹಿಂದೆ ಒಬ್ಬೊಬ್ಬರಿಗೂ 1,024 ಹಿರಿಯರ ಸ್ಥಾನಗಳಿವೆ, ವೈ ವರ್ಣತಂತು ಹೇಳುವುದು ಅವರಲ್ಲಿ ಒಬ್ಬನ ಸುದ್ದಿ.

ಸಿದ್ದಿಗಳು

ಹಾನಗಲ್ಲಿನ ಪಡುವಣ ಗಡಿ ದಾಟಿದರೆ ಮುಂಡಗೋಡ. ಅಲ್ಲಿಂದ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನವರೆಗೆ ಸಿದ್ದಿಗಳ ಕೇರಿಗಳಿವೆ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ತಪ್ಪಿಸಿಕೊಂಡು, ಇಲ್ಲವೆ ಬಿಡುಗಡೆಯಾಗಿ ಘಟ್ಟ ಸೇರಿದವರು ಇವರ ಹಿರಿಯರು. ಇವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಹಿರಿಯರ ಪೂಜೆ ಉಂಟು, ಡಮಾಮಿಯ ಕುಣಿತವುಂಟು. ಆದರೆ ಆ ಹಿರಿಯರು ಆಫ್ರಿಕದ ಯಾವ ಜನರೆಂದು ಹೇಳಲು ಶಾಸನವೂ ಇರಲಿಲ್ಲ, ಹೊತ್ತಿಗೆಯೂ ಇರಲಿಲ್ಲ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಓಟಕ್ಕೆಂದು ಆಯ್ದುಕೊಂಡದ್ದೂ ಆಫ್ರಿಕದ ಮೂಲ ನೆಚ್ಚಿಕೊಂಡೇ. ಆಗ ಪರೀಕ್ಷೆಯೆಂದರೆ ಕಣ್ಣಳತೆ.

2011ರಲ್ಲಿ ತಂಗರಾಜ್ ತಂಡ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್‌ಎ ಅಧ್ಯಯನವನ್ನು ‘ಅಮೆರಿಕನ್ ಜರ್ನಲ್ ಆಫ್ ಹ್ಯೂಮನ್ ಜೆನೆಟಿಕ್ಸ್’ನಲ್ಲಿ ಪ್ರಕಟಿಸಿತು. ವೈ ವರ್ಣತಂತುವಿನಲ್ಲಿ ಇ1ಬಿ1ಎ ಮತ್ತು ಬಿ2 ಗುಂಪುಗಳು ಕಂಡವು. ಇವು ಆಫ್ರಿಕದ ಗುರುತುಗಳು. ಇ1ಬಿ1ಎ ಬಂಟು ಭಾಷೆಯ ಬೇಸಾಯಗಾರರೊಂದಿಗೆ ಆ ಖಂಡದ ದಕ್ಷಿಣಾರ್ಧಕ್ಕೆ ಹರಡಿದ್ದು. ತಾಯಿ ಕಡೆಯ ಗುರುತುಗಳೂ ಬಂಟು ಜನರತ್ತಲೇ ಬೊಟ್ಟುಮಾಡಿದವು. ಜೊತೆಗೆ ಭಾರತೀಯ ಅಂಶವೂ ಬಹುಶಃ ಪೋರ್ಚುಗೀಸ್ ಅಂಶವೂ ಸಿಕ್ಕಿತು. ಸುತ್ತಲಿನ ಜನರೊಂದಿಗೆ ಬೆರಕೆ ನಡೆದದ್ದು ಕಳೆದ ಎಂಟು ತಲೆಮಾರುಗಳಲ್ಲಿ, ಅಂದರೆ ಸುಮಾರು 200 ವರ್ಷಗಳಲ್ಲಿ ಎಂದು ಲೆಕ್ಕಹಾಕಿದರು. ಹೆಸರು ಕಿತ್ತುಕೊಂಡು ಹಡಗು ಹತ್ತಿಸಿದವರಿಗೆ ಹೆಸರು ಮರಳಿ ಸಿಗಲಿಲ್ಲ, ಸೀಮೆ ಸಿಕ್ಕಿತು. ಇಲ್ಲಿ ಈ ವಿದ್ಯೆಯ ಬೆಲೆ ಯುರೋಪಿನ ಹವ್ಯಾಸಕ್ಕಿಂತ ಬೇರೆಯದೇ.

ಸರ್ಕಾರದ ಕಾಗದ ಮಾತ್ರ ವರ್ಣತಂತುವಿಗೆ ಕಾದು ಕೂತಿರಲಿಲ್ಲ. ಅಧ್ಯಯನಕ್ಕೆ ಎಂಟು ವರ್ಷ ಮೊದಲೇ, 2003ರಲ್ಲಿ, ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರ ತಿದ್ದುಪಡಿ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳನ್ನೂ ಸೇರಿಸಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಆ ಸಮುದಾಯದಿಂದ ಕರ್ನಾಟಕದ ಶಾಸಕಾಂಗ ಹೊಕ್ಕ ಮೊದಲಿಗರಾದರು. ಮುಂಡಗೋಡಿಗೆ ತಾಗಿಕೊಂಡೇ ಇರುವ ಹಾವೇರಿ ಜಿಲ್ಲೆಯ ಹೆಸರು ಆ ತಿದ್ದುಪಡಿಯಲ್ಲಿ ಇಲ್ಲ.