ರಾಮಚಂದ್ರನ್ನರೂ ಕೊಲಾಜೆನ್ ವಿವಾದವೂ

1922ರಲ್ಲಿ ಎರ್ನಾಕುಲದಲ್ಲಿ ಜನಿಸಿದ ಜಿ. ಎನ್. ರಾಮಚಂದ್ರನ್ನರು ವಿದ್ಯುತ್ ಎಂಜಿನಿಯರಿಂಗ್ ಕಲಿಯಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರಕ್ಕೆ ಬಂದವರು, ಸಿ. ವಿ. ರಾಮನ್ನರ ಶಿಷ್ಯರಾಗಿ ಭೌತಶಾಸ್ತ್ರಕ್ಕೆ ಸಂದರು. ಚರ್ಮಕ್ಕೂ ಎಲುಬಿಗೂ ಬಲವನ್ನೀಯುವ ಕೊಲಾಜೆನ್ ಎಂಬ ಪ್ರೋಟೀನು ಮೂರೆಳೆಯ ರಚನೆಯುಳ್ಳುದೆಂದು ಅವರೂ ಗೋಪಿನಾಥ ಕರ್ತಾ ಅವರೂ 1954ರಲ್ಲಿ ಮದರಾಸಿನಿಂದ ಸಾರಿದರು. ಆ ಮಾದರಿಯಲ್ಲಿ ಪರಮಾಣುಗಳು ಅತಿಯಾಗಿ ಒತ್ತಿಕೊಂಡಿವೆಯೆಂದು ಕ್ರಿಕ್ ಮತ್ತು ರಿಚ್ ಎಂಬ ವಿದ್ವಾಂಸರು ಆಕ್ಷೇಪಿಸಿದರು. ಆಕ್ಷೇಪಣೆಯು ನಿರಾಧಾರವಾದುದೇನೂ ಅಲ್ಲ. ಹೈಡ್ರೋಜನ್ ಬಂಧಗಳ ವಿಷಯದಲ್ಲಿ ಅವರ ಪಕ್ಷವೇ ಮುಂದೆ ನಿಂತಿತು. ಮೂರೆಳೆಯ ಮೂಲಕಲ್ಪನೆ ಮಾತ್ರ ಅಳಿಯಲಿಲ್ಲ. ಆದರೆ ಪರಮಾಣುಗಳು ಎಷ್ಟು ಸಮೀಪಿಸಿದರೆ ಅತಿಯಾಯಿತು? ಇದಕ್ಕೆ ಆಗ ಖಚಿತವಾದ ಅಳತೆಗೋಲಿರಲಿಲ್ಲ. ರಾಮಚಂದ್ರನ್ನರು ಈ ಪ್ರಶ್ನೆಯನ್ನೇ ಹಿಡಿದು, ತಿಳಿದಿದ್ದ ಸ್ಫಟಿಕರಚನೆಗಳಿಂದ ಪರಮಾಣುಗಳ ಅಂತರಗಳನ್ನು ಕಲೆಹಾಕಿ, ರಾಮಕೃಷ್ಣನ್ ಮತ್ತು ಶಶಿಶೇಖರನ್ನರೊಡನೆ 1963ರಲ್ಲಿ ಪ್ರೋಟೀನ್ ಸರಪಳಿಯು ತಾಳಬಲ್ಲ ಭಂಗಿಗಳ ನಕ್ಷೆಯನ್ನು ಪ್ರಕಟಿಸಿದರು. ಹೊಸದಾಗಿ ಕಂಡ ಪ್ರೋಟೀನ್ ರಚನೆಗಳನ್ನು ಇಂದಿಗೂ ಆ ನಕ್ಷೆಯ ಒರೆಗೆ ಹಚ್ಚಿ ನೋಡುವರು.