ಕಡಲ ನೀರು ಸಿಹಿಯಾದ ಬಗೆ

ಸಮುದ್ರಜಲದಿಂದೇಳುವ ಆವಿಯು ತಣಿದಾಗ ಸಿಹಿನೀರೇ ಆಗುವುದೆಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಬರೆದಿಟ್ಟಿದ್ದನಾದರೂ, ಆ ಅರಿವು ಬ್ರಿಟಿಷ್ ನೌಕಾದಳದ ಹಡಗುಗಳಲ್ಲಿ ನೆಲೆಗೊಳ್ಳಲು ಎರಡು ಸಹಸ್ರ ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು. 1772ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ಕನು ರೆಸಲ್ಯೂಷನ್ ಹಡಗನ್ನೇರಿ ದಕ್ಷಿಣ ಸಾಗರಗಳತ್ತ ಹೊರಟಾಗ, ಚಾರ್ಲ್ಸ್ ಇರ್ವಿಂಗನು ರೂಪಿಸಿದ ಬಟ್ಟಿಯ ಸಾಧನವು ಅವನೊಡನಿತ್ತು: ಅಡುಗೆಯ ತಾಮ್ರದ ಹಂಡೆಯಲ್ಲಿ ಕುದಿಯುವ ಉಪ್ಪುನೀರಿನ ಆವಿಯು ಉದ್ದನೆಯ ಕೊಳವೆಯನ್ನು ಹೊಕ್ಕು, ಅದರ ಹೊರಮೈಯನ್ನು ಒದ್ದೆಬಟ್ಟೆಯಿಂದ ಒರೆಸಿ ತಣಿಸಿದಂತೆಲ್ಲ, ಹನಿಹನಿಯಾಗಿ ಸಿಹಿನೀರಾಗಿ ಇಳಿಯುತ್ತಿತ್ತು. ಸಾಧನವು ಉಪಯುಕ್ತವೆಂದು ಒಪ್ಪಿದ ಕುಕ್ಕನು, ಅದರಿಂದ ಜೀವ ಉಳಿಯುವಷ್ಟು ನೀರು ದೊರೆತೀತೇ ಹೊರತು ಆರೋಗ್ಯ ಕಾಯುವಷ್ಟು ದೊರೆಯದೆಂದು ಎಚ್ಚರಿಸಿದನು.

ಬೆಂಕಿಯ ಹಂಗನ್ನು ಹರಿದುದು 1960ರ ಸುಮಾರಿಗೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ನಮ್ಮ ದೇಶದವರೇ ಆದ ಶ್ರೀನಿವಾಸ ಸೌರಿರಾಜನ್ ಸಿದ್ಧಪಡಿಸಿದ ಸೆಲ್ಯುಲೋಸ್ ಅಸಿಟೇಟಿನ ಪೊರೆ. ಲೀಟರಿಗೆ ಸುಮಾರು 35 ಗ್ರಾಂ ಲವಣವುಳ್ಳ ಕಡಲನೀರನ್ನು ವಾಯುಭಾರದ ಐವತ್ತು ಪಟ್ಟಿಗೂ ಮೀರಿದ ಒತ್ತಡದಿಂದ ಇಂಥ ಪೊರೆಯ ಮೇಲೆ ನೂಕಿದರೆ ನೀರು ದಾಟುತ್ತದೆ, ಲವಣ ಬಹುಮಟ್ಟಿಗೆ ಹಿಂದುಳಿಯುತ್ತದೆ. ಇಂದಿನ ವಿಹಾರನೌಕೆಗಳಲ್ಲಿ ಕಡಲನೀರನ್ನು ಸಿಹಿಯಾಗಿಸುವ ಯಂತ್ರಗಳು ಈ ತತ್ತ್ವದ ಸಂತತಿಯೇ. ಅವುಗಳಲ್ಲಿ ಕೆಲವು ಹೊರಹೋಗುವ ಉಪ್ಪುನೀರಿನ ಒತ್ತಡವನ್ನೇ ಮರಳಿ ದುಡಿಸಿಕೊಂಡು ಬ್ಯಾಟರಿಯ ಹೊರೆಯನ್ನು ತಗ್ಗಿಸುತ್ತವೆ.

ಆದುದರಿಂದ ಯಂತ್ರವನ್ನು ಆರಿಸುವವರು ಗಂಟೆಗೆಷ್ಟು ಲೀಟರೆಂಬುದಕ್ಕಿಂತ ಮೊದಲು ತಮ್ಮ ನೌಕೆಯ ವಿದ್ಯುತ್ತು ಎಷ್ಟನ್ನು ತಾಳೀತೆಂದು ಲೆಕ್ಕಹಾಕಲಿ; ಕುಕ್ಕನ ಎಚ್ಚರಿಕೆಯನ್ನು ನೆನೆದು ಪೀಪಾಯಿಯಲ್ಲಿ ಕಾಪಿಟ್ಟ ನೀರಿಲ್ಲದೆ ದಡವನ್ನು ಬಿಡದಿರಲಿ.