ವಡಾಲದ ಮನೆ, ಉಡುಪಿಯ ಗದ್ದೆ, ಒಂದು ಉಯಿಲು

‘ಉಯಿಲು’ ಎಂಬುದು ಕೇಳಲು ಅಚ್ಚಗನ್ನಡದ ಮಾತಿನಂತಿದೆ. ನಿಜದಲ್ಲಿ ಅದು ಇಂಗ್ಲಿಷಿನ ‘ವಿಲ್’ ಕನ್ನಡದ ನಾಲಿಗೆಯಲ್ಲಿ ಹೊರಳಿ ಪಡೆದ ರೂಪ. ಮಾತಿನ ಹಿಂದೆಯೇ ಕೋರ್ಟೂ ಬಂತು. ಆದರೆ ಆ ಕೋರ್ಟಿನ ಕೈ ಎಲ್ಲ ಊರುಗಳಿಗೂ ಒಂದೇ ಸಮನೆ ಚಾಚಲಿಲ್ಲ. ಉಡುಪಿಯಲ್ಲಿ ಬರೆದ ಉಯಿಲಿಗೆ ಒಂದು ನಿಯಮ, ಮುಂಬೈಯ ವಡಾಲದಲ್ಲಿ ಬರೆದ ಉಯಿಲಿಗೆ ಇನ್ನೊಂದು. ಈ ಭೇದ ಸುಮಾರು 155 ವರ್ಷ ಬಾಳಿತು.

ಕರಾವಳಿಯಿಂದ ಮುಂಬೈಗೆ ಹೋದವರ ಕತೆ ಗೊತ್ತಿರುವಂಥದೇ. ಹಗಲು ಹೋಟೆಲಿನಲ್ಲಿ ದುಡಿತ, ರಾತ್ರಿ ಕನ್ನಡ ಶಾಲೆಯಲ್ಲಿ ಓದು. ಮಾಟುಂಗ, ಸಯನ್, ವಡಾಲದ ಸುತ್ತ ಅವರ ವಸತಿ ಬೆಳೆಯಿತು. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆ ಇದೆ, ಗೌಡ ಸಾರಸ್ವತರ ರಾಮಮಂದಿರವಿದೆ. ಹೀಗೆ ಬಂದವರಲ್ಲಿ ಒಬ್ಬರು ಕೊನೆಗಾಲಕ್ಕೆ ವಡಾಲದಲ್ಲಿ ಒಂದು ಫ್ಲಾಟು, ಉಡುಪಿಯ ಕಡೆ ಒಂದಿಷ್ಟು ಗದ್ದೆ ಮಾಡಿಕೊಂಡಿದ್ದಾರೆ ಎಂದುಕೊಳ್ಳಿ. ಇಬ್ಬರು ಸಾಕ್ಷಿಗಳ ಮುಂದೆ ಕನ್ನಡದಲ್ಲಿ ಉಯಿಲು ಬರೆದು ರುಜು ಹಾಕುತ್ತಾರೆ. ಆ ಕಾಗದದ ಮುಂದಿನ ಬಾಳು ಏನೆಂಬುದು, ಅವರು ರುಜು ಹಾಕುವಾಗ ಎಲ್ಲಿ ಕುಳಿತಿದ್ದರು ಎಂಬುದನ್ನೂ ಅವಲಂಬಿಸಿತ್ತು.

ಇದರ ಬೇರು 18ನೇ ಶತಮಾನದಲ್ಲಿದೆ. 1726ರ ರಾಜಸನ್ನದಿನಂತೆ ಮದ್ರಾಸು, ಬೊಂಬಾಯಿ, ಕಲ್ಕತ್ತೆಗಳಲ್ಲಿ ಮೇಯರ್ ಕೋರ್ಟುಗಳು ಏರ್ಪಟ್ಟವು. ಊರಿನಿಂದ ದೂರ ಬಂದು ಸತ್ತ ಇಂಗ್ಲಿಷರ ಆಸ್ತಿಯನ್ನು ಯಾರಿಗೆ ಒಪ್ಪಿಸಬೇಕೆಂದು ತೀರ್ಮಾನಿಸುವುದು ಅವುಗಳ ಕೆಲಸಗಳಲ್ಲೊಂದು. ಆ ಕಾಲದ ಉಯಿಲುಗಳ ಪ್ರತಿಗಳು ಲಂಡನ್ನಿಗೂ ಹೋದವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. 1862ರಲ್ಲಿ ಬೊಂಬಾಯಿ ಹೈಕೋರ್ಟು ಸ್ಥಾಪನೆಯಾದಾಗ ಈ ಅಧಿಕಾರ ಅದಕ್ಕೆ ಬಂತು.

ಹಿಂದೂಗಳನ್ನು ಈ ಚೌಕಟ್ಟಿಗೆ ತಂದದ್ದು 1870ರ ಹಿಂದೂ ವಿಲ್ಸ್ ಆ್ಯಕ್ಟ್. ಅದು ಇಡೀ ದೇಶಕ್ಕೆ ಅನ್ವಯಿಸಲಿಲ್ಲ. ಬಂಗಾಳದ ಲೆಫ್ಟಿನೆಂಟ್ ಗವರ್ನರರ ಆಡಳಿತದ ಪ್ರದೇಶ ಮತ್ತು ಮದ್ರಾಸು, ಬೊಂಬಾಯಿ ಹೈಕೋರ್ಟುಗಳ ಮೂಲ ಸಿವಿಲ್ ಅಧಿಕಾರದ ಮಿತಿ, ಇಷ್ಟೇ ಅದರ ವ್ಯಾಪ್ತಿ. ಅದೇ ಗೆರೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಕಲಂ 57 ಮತ್ತು 213ರಲ್ಲಿ ಉಳಿದುಕೊಂಡಿತು. ಬೊಂಬಾಯಿ ದ್ವೀಪದೊಳಗಿನ ವಡಾಲ ಆ ಗೆರೆಯ ಒಳಗೆ ಬಿತ್ತು. ಬೊಂಬಾಯಿ ಪ್ರಾಂತ್ಯಕ್ಕೇ ಸೇರಿದ್ದ ಧಾರವಾಡ, ಕಾರವಾರ ಹೊರಗೆ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಉಡುಪಿ, ಮಂಗಳೂರೂ ಹೊರಗೆ.

ಉಡುಪಿಯ ಮನೆಯಲ್ಲಿ ಕುಳಿತು ಉಡುಪಿಯ ಗದ್ದೆಯ ಬಗ್ಗೆ ಮಾತ್ರ ಬರೆದರೆ ಪ್ರೊಬೇಟ್ ಬೇಕಿರಲಿಲ್ಲ. ಅದೇ ಉಯಿಲಿನಲ್ಲಿ ವಡಾಲದ ಫ್ಲಾಟಿನ ಮಾತು ಬಂದರೆ ಅಷ್ಟರ ಮಟ್ಟಿಗೆ ಬೇಕು. ವಡಾಲದಲ್ಲೇ ಕುಳಿತು ಬರೆದರೆ ಆಸ್ತಿ ಎಲ್ಲಿದ್ದರೂ ಬೇಕು. ಪ್ರೊಬೇಟ್ ಇಲ್ಲದೆ ಎಕ್ಸಿಕ್ಯೂಟರ್ ಆಗಲಿ, ಆಸ್ತಿ ಪಡೆಯುವವರಾಗಲಿ ಆ ಉಯಿಲಿನ ಬಲದ ಮೇಲೆ ಕೋರ್ಟಿನಲ್ಲಿ ಹಕ್ಕು ಸ್ಥಾಪಿಸುವಂತಿರಲಿಲ್ಲ.

ಕರಾವಳಿಯವರಿಗೆ ಉಯಿಲು ಬರಿಯ ಔಪಚಾರಿಕ ಕಾಗದವಾಗಿರಲಿಲ್ಲ. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯಸಂತಾನ ಕಟ್ಟು ನಡೆಯುತ್ತಿತ್ತು. ಆಸ್ತಿ ತಾಯಿಯ ಕಡೆಯ ಕುಟುಂಬದ್ದು. ಗಂಡಸಿನ ಹೆಂಡತಿ ಮಕ್ಕಳು ಬೇರೊಂದು ಕುಟುಂಬಕ್ಕೆ ಸೇರಿದವರು. ಬೊಂಬಾಯಿಯಲ್ಲಿ ಬೆವರು ಸುರಿಸಿ ಗಳಿಸಿದ್ದು ಹೆಂಡತಿ ಮಕ್ಕಳಿಗೆ ಸೇರಬೇಕಾದರೆ ಅದನ್ನು ಬರೆದಿಡಬೇಕಿತ್ತು. ಅಳಿಯಸಂತಾನದವರ ಉಯಿಲುಗಳ ಬಗ್ಗೆ ಮದ್ರಾಸ್ ಪ್ರಾಂತ್ಯದಲ್ಲಿ 1898ರಲ್ಲಿ ಮಲಬಾರ್ ವಿಲ್ಸ್ ಆ್ಯಕ್ಟ್ ಎಂಬ ಪ್ರತ್ಯೇಕ ಕಾಯಿದೆಯೇ ಬಂತು. 1949ರ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬರುವವರೆಗೂ ಎಷ್ಟೋ ಮನೆಗಳಲ್ಲಿ ಹೆಂಡತಿ ಮಕ್ಕಳ ಆಸರೆ ಆ ಒಂದು ಹಾಳೆಯ ಮೇಲೆ ನಿಂತಿತ್ತು.

ಬರೆದಿಟ್ಟರೂ ಎಲ್ಲವೂ ಉಯಿಲಿಗೆ ಒಳಪಡುತ್ತಿರಲಿಲ್ಲ. ಮುಂಬೈಯ ಬಹಳ ಮಂದಿ ಇದ್ದದ್ದು ಪಗಡಿ ಖೋಲಿಗಳಲ್ಲಿ. ಬಾಡಿಗೆ ನಿಯಂತ್ರಣ ಕಾಯಿದೆಯಡಿಯ ಬಾಡಿಗೆ ಹಕ್ಕನ್ನು ಉಯಿಲಿನಿಂದ ಇನ್ನೊಬ್ಬರಿಗೆ ಕೊಡಲಾಗದು ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಾಯುವ ಕಾಲಕ್ಕೆ ಜೊತೆಯಲ್ಲಿ ವಾಸವಿದ್ದ ಕುಟುಂಬದವರಿಗೆ ಅದು ಹೋಗುತ್ತದೆ. ಮಗ ಖೋಲಿಯಲ್ಲಿದ್ದು ಹೆಂಡತಿ ಊರಿನಲ್ಲಿದ್ದರೆ, ಹೆಂಡತಿಯ ಹೆಸರಿಗೆ ಉಯಿಲು ಬರೆದೂ ಪ್ರಯೋಜನವಿಲ್ಲ.

ಇನ್ನು ಪ್ರೊಬೇಟಿನ ದಾರಿ. ಎಕ್ಸಿಕ್ಯೂಟರ್ ಅಸಲು ಉಯಿಲು, ಮರಣ ಪ್ರಮಾಣಪತ್ರ, ಆಸ್ತಿ ಮತ್ತು ಸಾಲದ ಪಟ್ಟಿ ಲಗತ್ತಿಸಿ ಫೋರ್ಟ್‌ನಲ್ಲಿರುವ ಹೈಕೋರ್ಟಿಗೆ ಅರ್ಜಿ ಹಾಕಬೇಕು. ರುಜು ಹಾಕಿದ ಸಾಕ್ಷಿಗಳಲ್ಲಿ ಒಬ್ಬರಾದರೂ ದೃಢೀಕರಿಸಬೇಕು. ಇಬ್ಬರೂ ತೀರಿಕೊಂಡಿದ್ದರೆ ಅವರ ಕೈಬರಹ ಗುರುತಿಸುವವರನ್ನು ಹುಡುಕಬೇಕು. ಉಯಿಲು ಕನ್ನಡದಲ್ಲಿದ್ದರೆ ಅನುವಾದ ಸೇರಿಸಬೇಕು. ವಾರಸುದಾರರಿಗೆ ನೋಟಿಸು ಹೋಗುತ್ತದೆ. ಅವರಲ್ಲಿ ಯಾರಾದರೂ ಕೇವಿಯಟ್ ಹಾಕಿ ತಕರಾರು ತೆಗೆದರೆ ಅರ್ಜಿ ದಾವೆಯಾಗಿ ಮಾರ್ಪಡುತ್ತದೆ. ಆಮೇಲೆ ಅದು ಮುಗಿಯುವ ಹೊತ್ತಿಗೆ ಅರ್ಜಿದಾರರ ಮಕ್ಕಳಿಗೂ ತಲೆ ನರೆತಿರಬಹುದು.

ತಕರಾರಿಲ್ಲದೆ ಮುಗಿದರೆ ಮನೆಗೆ ಬರುವುದೇನು? ಕಾಯಿದೆಯ ವ್ಯಾಖ್ಯೆಯಂತೆ ಪ್ರೊಬೇಟ್ ಎಂದರೆ ಕೋರ್ಟಿನ ಮೊಹರು ಬಿದ್ದ ಉಯಿಲಿನ ಒಂದು ಪ್ರತಿ. ಅಸಲು ಕೋರ್ಟಿನಲ್ಲೇ ಉಳಿಯುತ್ತದೆ. ಹಾಗಾಗಿ ಅಜ್ಜನ ಕಾಲದ ಅಸಲು ಉಯಿಲಿಗಾಗಿ ಕಪಾಟು ಜಾಲಾಡುವ ಮುಂಬೈ ಕನ್ನಡಿಗರು ಹುಡುಕಬೇಕಾದ ಜಾಗವೇ ಬೇರೆ. ತೀರಿಕೊಂಡವರ ಪೂರ್ತಿ ಹೆಸರು, ತೀರಿಕೊಂಡ ವರ್ಷ, ಸಿಕ್ಕರೆ ಅರ್ಜಿಯ ಸಂಖ್ಯೆ ಹಿಡಿದು ಹೈಕೋರ್ಟಿನ ಉಯಿಲು ವಿಭಾಗದಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಉಡುಪಿಯಲ್ಲಿ ಬರೆದು ನೋಂದಾಯಿಸಿದ ಉಯಿಲಾದರೆ ಅದರ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯ 3ನೇ ಪುಸ್ತಕದಲ್ಲಿರುತ್ತದೆ. ಆದರೆ ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ನೋಂದಾಯಿಸದ ಕಾಗದ ಗೆದ್ದಲಿಗೆ ಸಿಕ್ಕರೆ ಅಲ್ಲಿಗೆ ಮುಗಿಯಿತು.

ಊರಿಗೊಂದು ನಿಯಮ ಏಕೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಕಲಂ 213 ಕ್ರೈಸ್ತರಿಗೆ ತಾರತಮ್ಯ ಮಾಡುತ್ತದೆಂದು ಕ್ಲಾರೆನ್ಸ್ ಪೈಸ್ ಮತ್ತಿತರರು ಹಾಕಿದ್ದ ಅರ್ಜಿ 2001ರಲ್ಲಿ ಬಿದ್ದುಹೋಯಿತು. ಪ್ರದೇಶಕ್ಕೊಂದು ನಿಯಮವಿರುವುದಕ್ಕೆ ಚಾರಿತ್ರಿಕ ಕಾರಣಗಳಿರಬಹುದು ಎಂದಿತು ಕೋರ್ಟು. ಮರುವರ್ಷ ಸಂಸತ್ತು ಭಾರತೀಯ ಕ್ರೈಸ್ತರಿಗೆ ವಿನಾಯಿತಿ ಕೊಟ್ಟಿತು. ಹಿಂದೂ, ಬೌದ್ಧ, ಸಿಖ್, ಜೈನರಿಗೆ ಹಳೆಯ ಗೆರೆ ಮುಂದುವರಿಯಿತು, ಪಾರ್ಸಿಗಳಿಗೂ ಪ್ರೊಬೇಟಿನ ಅಗತ್ಯ ಉಳಿಯಿತು. ಕೊನೆಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ರದ್ದತಿ ಮತ್ತು ತಿದ್ದುಪಡಿ ಕಾಯಿದೆ ಕಲಂ 213ನ್ನೇ ಕಿತ್ತುಹಾಕಿತು. ಈಗ ವಡಾಲದ ಉಯಿಲೂ ಉಡುಪಿಯ ಉಯಿಲೂ ಒಂದೇ ಸಾಲಿಗೆ ಬಂದಿವೆ. ಪ್ರೊಬೇಟ್ ಬೇಕೆನಿಸಿದವರು ಈಗಲೂ ಪಡೆಯಬಹುದು, ಕಡ್ಡಾಯ ಹೋಯಿತು.

ಖರ್ಚು, ಅಲೆದಾಟ, ವರ್ಷಗಟ್ಟಲೆ ಕಾಯುವುದು ತಪ್ಪಿದ್ದು ದೊಡ್ಡ ನೆಮ್ಮದಿ. ಅದರ ಜೊತೆಗೆ ಇನ್ನೊಂದೂ ತಪ್ಪಿತು. ಕಡ್ಡಾಯವಿದ್ದ ಕಾರಣಕ್ಕೇ ಮುಂಬೈಯ ಸಾಮಾನ್ಯ ಸಂಸಾರಗಳ ಉಯಿಲುಗಳು ಒಂದೆಡೆ ಬಂದು ಸೇರುತ್ತಿದ್ದವು. ಹೋಟೆಲಿನ ಪಾಲು, ಬಂಗಾರದ ಬಳೆ, ಊರಿನ ದೈವಸ್ಥಾನಕ್ಕೆ ಇಷ್ಟು, ತಂಗಿಯ ಮಗನಿಗೆ ಇಷ್ಟು ಎಂಬಂಥ ವಿವರಗಳು ಬೇರೆ ಯಾವ ಸರಕಾರಿ ಕಡತದಲ್ಲೂ ಸಿಗುವುದು ಕಷ್ಟ. ಪ್ರೊಬೇಟ್ ಕೊಟ್ಟ ಅಸಲು ಉಯಿಲುಗಳನ್ನು, ಉಯಿಲುಗಳಿಗೆಂದೇ ಒಂದು ಸಾರ್ವಜನಿಕ ದಾಖಲೆ ಕಚೇರಿ ಸ್ಥಾಪನೆಯಾಗುವವರೆಗೆ ಜಿಲ್ಲಾ ನ್ಯಾಯಾಧೀಶರು ಕಾಪಾಡಿಡಬೇಕೆಂದು 1925ರ ಕಾಯಿದೆಯ ಕಲಂ 294 ಹೇಳುತ್ತದೆ. ಅದನ್ನು ಬರೆದು ನೂರು ವರ್ಷವಾಯಿತು. ಅಂಥ ಕಚೇರಿ ಬರುವ ಮೊದಲೇ ಕಡ್ಡಾಯ ಹೋಗಿದೆ. ಇನ್ನು ಮುಂದೆ ಬರೆಯುವ ಉಯಿಲನ್ನು ಮೊಮ್ಮಕ್ಕಳ ಕಾಲದವರೆಗೆ ಉಳಿಸುವ ಹೊಣೆ ಬರೆದವರದೇ. ವಡಾಲದಲ್ಲಿ ಬರೆದರೂ ಸರಿ, ಉಡುಪಿಯಲ್ಲಿ ಬರೆದರೂ ಸರಿ, ನೋಂದಾಯಿಸಿದರೆ ಅದರ ನಕಲಾದರೂ ಆ 3ನೇ ಪುಸ್ತಕದಲ್ಲಿ ಉಳಿದೀತು.